ಚಿಪ್ಪು ಇದೆ, ಎರಡಿದೆ

ಆ ಡಾಕ್ಟರರಿಗೆ ಈಜು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ಭಾನುವಾರ ನಾನು ಮನಸ್ಸಿನಲ್ಲೇ ಜಪ ಮಾಡಿಕೊಂಡು ಸಮಾಧಾನಪಟ್ಟುಕೊಂಡ ಸಂಗತಿ ಇದೊಂದೇ. ಅವರು ಮೈಸೂರಿನವರು, ಬಕೆಟ್ಟಿನ ನೀರಲ್ಲಿ ಮಿಂದು ಬೆಳೆದವರು. ನಾನು ಹುಟ್ಟಿದ್ದು ಕುಂದಾಪುರದ ಹತ್ತಿರದ ಒಂದು ಕುದ್ರುವಿನಲ್ಲಿ. ಕುದ್ರು ಎಂದರೆ ಹೊಳೆಯ ನಡುವಿನ ತುಂಡು ನೆಲ. ಶಾಲೆಗೆ ಹೋಗುವುದಕ್ಕೂ ದೋಣಿ, ಅಕ್ಕಿ ತರುವುದಕ್ಕೂ ದೋಣಿ, ಹೆಣ ಸಾಗಿಸುವುದಕ್ಕೂ ದೋಣಿ. ನನ್ನಪ್ಪ ಆ ದೋಣಿ ದಾಟಿಸುವವನು. ನಡೆಯುವುದನ್ನು ಮೊದಲು ಕಲಿತೆನೋ ಈಜುವುದನ್ನೋ ಎಂದು ಕೇಳಿದರೆ ನಮ್ಮಮ್ಮನಿಗೂ ಸರಿಯಾಗಿ ನೆನಪಿರಲಿಲ್ಲ.

ಇಂಥ ನಾನು ಲಂಡನ್ನಿಗೆ ಬಂದದ್ದು ಹೆಂಡತಿಯ ಹಿಂದೆ. ಎರಡು ಸಾವಿರದ ಇಸವಿಯ ಹೊತ್ತಿಗೆ ಇಲ್ಲಿನ ಆಸ್ಪತ್ರೆಗಳು ನಮ್ಮ ಕಡೆಯ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದವು. ಅವಳು ಮೊದಲು ಬಂದಳು. ವರ್ಷದ ನಂತರ ನಾನು ಐದು ವರ್ಷದ ಮಗಳ ಕೈ ಹಿಡಿದುಕೊಂಡು ಬಂದು ಇಳಿದೆ. ಕ್ವೀನ್ಸ್‌ಬರಿಯಲ್ಲಿ ತರಕಾರಿ ಅಂಗಡಿಯ ಮೇಲೆ ಒಂದು ಫ್ಲಾಟು. ನನಗೆ ಇನ್ನೊಂದು ಆಸ್ಪತ್ರೆಯ ಬಾಯ್ಲರ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ವಾರದ ಕೊನೆಗೆ ಮಾತ್ರ, ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಜಲಾಶಯದ ದಡದಲ್ಲಿದ್ದ ಹಾಯಿದೋಣಿ ಕ್ಲಬ್ಬೊಂದರಲ್ಲಿ ಅಂಗಳದ ಕೆಲಸ. ದೋಣಿಗಳನ್ನು ಗಾಡಿಯ ಮೇಲಿಂದ ನೀರಿಗೆ ಇಳಿಸುವುದು, ಎಳೆದುಕೊಳ್ಳುವುದು, ಪೈಪು ಹಿಡಿದು ತೊಳೆಯುವುದು, ದಡಕ್ಕೆ ಬಂದವರ ಹಗ್ಗ ಹಿಡಿಯುವುದು. ಹೊಳೆ ಬಿಟ್ಟು ಬಂದವನಿಗೆ ಕೆರೆಯಾದರೂ ಸಿಕ್ಕಿತಲ್ಲ ಎಂದು ಖುಷಿಯಾಗಿದ್ದೆ.

ಡಾಕ್ಟರರ ಪರಿಚಯವಾದದ್ದು ಕೆಂಟನ್ನಿನ ಒಂದು ಶಾಲೆಯ ಹಾಲಿನಲ್ಲಿ, ಯುಗಾದಿಯ ಊಟದ ಸಾಲಿನಲ್ಲಿ. ನನ್ನ ಹೆಂಡತಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಅವರು ದೊಡ್ಡ ಡಾಕ್ಟರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ನನ್ನ ಕೆಲಸ ಏನೆಂದು ಕೇಳಿದರು. ಬಾಯ್ಲರ್ ಎಂದರೆ ಏನು ಚೆಂದ? ನಾನು ದೋಣಿಯ ಕಥೆ ಶುರುಮಾಡಿದೆ. ಅಪ್ಪ, ಹೊಳೆ, ಮಳೆಗಾಲದ ನೆರೆ, ಗಳ ಊರಿ ದೋಣಿ ದಾಟಿಸುವ ಚಾಕಚಕ್ಯತೆ, ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಹೇಳಿದೆ. ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಎರಡು ವಾರ ಕಳೆದ ಮೇಲೆ ನಾನು ಕೆಲಸಕ್ಕಿದ್ದ ಕ್ಲಬ್ಬಿಗೆ ಅವರು ಸದಸ್ಯರಾಗಿ ಸೇರಿದರು.

“ನೀವೇ ಹೇಳ್ಕೊಡಬೇಕು ಕಣ್ರೀ, ನಂಗೇನೂ ಗೊತ್ತಿಲ್ಲ” ಎಂದರು ಮೊದಲ ದಿನ. ಹೇಳಿಕೊಡುವುದೇನು ಬಂತು, ನನಗೆ ಹಾಯಿಯ ವಿದ್ಯೆ ಗೊತ್ತಿದ್ದರೆ ತಾನೆ? ನಮ್ಮದು ಗಳ ಮತ್ತು ಹುಟ್ಟಿನ ವಂಶ. ಅವರು ಪುಸ್ತಕ ತಂದು ಓದಿದರು, ಕ್ಲಬ್ಬಿನ ತರಗತಿಗೆ ಹೋದರು, ಲೈಫ್ ಜಾಕೆಟ್ ಬಿಗಿದುಕೊಂಡು ಹತ್ತು ಸಲ ಮಗುಚಿ ಬಿದ್ದು ಹತ್ತು ಸಲವೂ ನಗುತ್ತ ಎದ್ದರು. ಎರಡನೆಯ ವರ್ಷ ಸ್ವಂತ ದೋಣಿಯನ್ನೇ ಕೊಂಡರು. ಅದನ್ನು ಮೊದಲ ಸಲ ನೀರಿಗಿಳಿಸಿದ ದಿನ ಅವರ ಹೆಂಡತಿ ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಗಾಡಿಯ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕಾಯಿ ಒಡೆದರು. ಬಿಳಿಯರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ನನ್ನಪ್ಪನ ದೋಣಿಗೆ ನಮ್ಮಮ್ಮ ಪ್ರತಿ ವರ್ಷ ಮಾಡುತ್ತಿದ್ದ ಪೂಜೆ ಅದು, ಇಲ್ಲಿ ಚಪ್ಪಾಳೆ ಅವರ ಪಾಲಾಯಿತು.

ಅವರು ಕೆಟ್ಟವರಾಗಿದ್ದರೆ ನನ್ನ ಬದುಕು ಎಷ್ಟೋ ಸುಲಭವಾಗುತ್ತಿತ್ತು. ಒಂದು ದಿನವಾದರೂ ದೊಡ್ಡಸ್ತಿಕೆ ತೋರಿಸಲಿ, ಒಂದು ಸಲವಾದರೂ ನನ್ನನ್ನು ಆಳಿನ ಹಾಗೆ ಕೂಗಲಿ ಎಂದು ಕಾದೆ. ಊಹೂಂ. ಬಂದರೆ ನಮಸ್ಕಾರ, ಹೋಗುವಾಗ ನಮಸ್ಕಾರ, ತಂದ ತಿಂಡಿಯಲ್ಲಿ ನನಗೊಂದು ಪಾಲು. ಮನೆಯಲ್ಲಿ ಹೆಂಡತಿ ಬೇರೆ ಹಾಡಿ ಹೊಗಳುತ್ತಿದ್ದಳು: “ಅಷ್ಟ್ ದೊಡ್ಡ ಡಾಕ್ಟ್ರು, ಒಂಚೂರೂ ಜಂಬ ಇಲ್ಲೆ ಕಾಣಿ.” ಕಂಡಿದ್ದೇನೆ ಮಾರಾಯ್ತಿ, ವಾರವಾರವೂ ಕಾಣುತ್ತಿದ್ದೇನೆ, ಎಂದುಕೊಂಡು ಸುಮ್ಮನೆ ಊಟ ಮಾಡುತ್ತಿದ್ದೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಮಗಳ ವಿಷಯಕ್ಕೆ.

ಅವಳಿಗೆ ನೀರಿನ ರುಚಿ ಹತ್ತಿಸಬೇಕೆಂದು ನನಗೆ ಬಹಳ ಆಸೆಯಿತ್ತು. ಒಂಬತ್ತು ವರ್ಷದವಳಿದ್ದಾಗ ಕ್ಲಬ್ಬಿನ ಹಳೆಯ ಹುಟ್ಟುದೋಣಿಯಲ್ಲಿ ಕೂರಿಸಿಕೊಂಡು ಹೊರಟೆ. “ಕಾಣ್ ಮಗಾ, ಹುಟ್ಟ್ ಹೀಂಗೆ ಹಿಡ್ಕೋ. ನೀರಿಗ್ ಹೊಡುದಲ್ಲ, ನೀರನ್ನ ದೂಡುದ್” ಎಂದೆ, ಅಪ್ಪ ನನಗೆ ಹೇಳಿದ ಹಾಗೆಯೇ. ಅವಳು ಎರಡು ಸಲ ದೂಡಿ, ಕೈ ನೋಯುತ್ತದೆ ಎಂದಳು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಎಂದಳು. ಇದೆಲ್ಲ ಇಂಗ್ಲಿಷಿನಲ್ಲಿ, ಊರಿಂದ ತಂದ ಕನ್ನಡವನ್ನು ಇಲ್ಲಿನ ಶಾಲೆ ಎರಡೇ ವರ್ಷದಲ್ಲಿ ಅವಳ ನಾಲಗೆಯಿಂದ ಒರೆಸಿಹಾಕಿತ್ತು, ಕಿವಿಯಲ್ಲಿ ಮಾತ್ರ ಉಳಿದಿತ್ತು. ಹಾಯಿದೋಣಿಗಳು ನಮ್ಮ ಪಕ್ಕದಲ್ಲಿ ಸರ್ರನೆ ಹಾದುಹೋಗುತ್ತಿದ್ದವು. ಅವಳ ಕಣ್ಣು ಅವುಗಳ ಹಿಂದೆ ಹೋಯಿತು, ನನ್ನ ಹುಟ್ಟಿನ ಕಡೆಗೆ ಬರಲೇ ಇಲ್ಲ.

ಅವಳಿಗೆ ಹನ್ನೊಂದಾದಾಗ ಡಾಕ್ಟರರ ದೋಣಿಗೆ ಎರಡನೆಯ ಆಳು ಬೇಕಾಯಿತು. ಅವರ ಸ್ವಂತ ಮಕ್ಕಳಿಬ್ಬರಿಗೂ ನೀರೆಂದರೆ ಆಗದು. “ನಿಮ್ಮ ಮಗಳನ್ನ ಕರ್ಕೊಂಡು ಹೋಗ್ಲಾ?” ಎಂದು ನನ್ನನ್ನೇ ಕೇಳಿದರು. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಒಂದು ಗಂಟೆಯ ನಂತರ ವಾಪಸು ಬಂದವಳು ತಲೆಯಿಂದ ಕಾಲಿನವರೆಗೆ ನೆನೆದಿದ್ದಳು, ನಾನು ಎಂದೂ ಕೇಳದ ನಗು ನಗುತ್ತಿದ್ದಳು. ನಾನು ದಡದಲ್ಲಿ ನಿಂತು ಹಗ್ಗ ಹಿಡಿದೆ. ಅದು ನನ್ನ ಕೆಲಸ.

ಅಲ್ಲಿಂದ ಮುಂದೆ ಮನೆಯಲ್ಲಿ ಬರೀ ಅಂಕಲ್ ಪುರಾಣ. ಗಾಳಿ ತಿರುಗುವ ಮುಂಚೆ ನೀರಿನ ಬಣ್ಣ ಬದಲಾಗುತ್ತದಂತೆ, ಅಂಕಲ್ ಹೇಳಿದರು. ಅದು ನನಗೆ ಆರನೇ ವಯಸ್ಸಿಗೇ ಗೊತ್ತಿತ್ತು, ಅವಳಿಗೆ ಹೇಳಿಯೂ ಇದ್ದೆ, ಅವಳು ಕೇಳಿಸಿಕೊಂಡಿರಲಿಲ್ಲ. ಹಗ್ಗದ ಗಂಟನ್ನು ಹೀಗೆ ಹಾಕಬೇಕಂತೆ, ಅಂಕಲ್ ತೋರಿಸಿದರು. ನನ್ನ ಗಂಟು ಅದಕ್ಕಿಂತ ಗಟ್ಟಿ. ದೋಣಿಯಲ್ಲಿ ಅವರು ಕನ್ನಡದಲ್ಲೇ ಹುಕುಂ ಮಾಡುತ್ತಿದ್ದರು, ಅದು ಇವಳಿಗೆ ಗುಟ್ಟಿನ ಭಾಷೆಯ ಆಟದಂತಾಗಿ ಒಂದೊಂದೇ ಮಾತಿಗೆ ಮರಳಿ ಕನ್ನಡದಲ್ಲೇ ಉತ್ತರ ಕೊಡತೊಡಗಿದಳು. “ಬಿಡಿ”, “ಎಳೀರಿ”, “ಆಯ್ತು ಕಣ್ರೀ.” ಹೆಂಡತಿಗೆ ಹಿಗ್ಗೋ ಹಿಗ್ಗು. ನನಗೆ ಆ ಮೈಸೂರಿನ ರಾಗ ಕೇಳಿದರೆ ಕಿವಿಗೆ ಸೀಸ ಹೊಯ್ದಂತೆ. ಹುಟ್ಟಿಸಿದವನು ನಾನು, ತೊದಲು ಮಾತು ಕಲಿಸಿದವನು ನಾನು, ಈಗ ಬಾಯಿ ಬಿಡಿಸಿದ ಪುಣ್ಯ ಅವರದ್ದು.

ಅವಳಿಗೆ ಹದಿಮೂರು ನಡೆಯುತ್ತಿದ್ದ ವರ್ಷ ಕ್ಲಬ್ಬಿಗೆ ಹೊಸ ನಿಯಮ ಬಂತು. ಪಶ್ಚಿಮದ ಕಡೆಯ ಯಾವುದೋ ಕೆರೆಯಲ್ಲಿ ಒಂದು ಜಾತಿಯ ಪರದೇಶಿ ಚಿಪ್ಪುಮೀನು ವಿಪರೀತ ಹಬ್ಬಿದೆಯೆಂದು ಸುದ್ದಿಯಾಗಿತ್ತು. ಹುಣಸೆಬೀಜದಷ್ಟೇ ದೊಡ್ಡದು, ಮೈಮೇಲೆ ಪಟ್ಟೆ. ದೋಣಿಯ ತಳ, ಕಲ್ಲು, ಕೊಳಾಯಿ ಎಲ್ಲಿ ಬೇಕಾದರೂ ನೂಲು ಬಿಟ್ಟು ಕಚ್ಚಿಕೊಂಡು, ಒಂದರ ಮೇಲೊಂದು ಬೆಳೆದು, ನೀರಿನ ಪೈಪುಗಳನ್ನೇ ಮುಚ್ಚಿಬಿಡುತ್ತದೆ. ದೋಣಿಯ ತಳದಲ್ಲಿ ನಿಂತ ಒಂದು ಲೋಟ ನೀರು ಸಾಕು, ಅದರ ಮರಿಗಳು ಕಣ್ಣಿಗೆ ಕಾಣದಂತೆ ಇನ್ನೊಂದು ಕೆರೆಗೆ ದಾಟಿಬಿಡುತ್ತವೆ. ಆದ್ದರಿಂದ ಬೇರೆ ನೀರಿಗೆ ಹೋಗಿಬಂದ ಪ್ರತಿ ದೋಣಿಯನ್ನೂ ಬಿಸಿನೀರಿನಲ್ಲಿ ತೊಳೆದು ಎಂಟು ದಿನ ಒಣಗಿಸಬೇಕು, ಆಮೇಲೆ ಪರೀಕ್ಷೆ ಮಾಡಿಸಿ ನೀರಿಗಿಳಿಸಬೇಕು. ಒಂದು ಚಿಪ್ಪು ಕಂಡರೂ ನಾಲ್ಕು ವಾರ ದಡದಲ್ಲೇ ಕೂರಬೇಕು. ಪರೀಕ್ಷೆ ಮಾಡುವವನನ್ನಾಗಿ ಕಮಿಟಿಯವರು ನನ್ನನ್ನು ನೇಮಿಸಿದರು. ಚಿಪ್ಪಿನ ಸುಕ್ಕ ತಿಂದು ಬೆಳೆದವನಿಗೆ ಚಿಪ್ಪು ಹಿಡಿಯುವ ಕೆಲಸ!

ಇದು ತಿನ್ನಲು ಬರುತ್ತದೆಯೇ ಎಂದು ಮೊದಲ ದಿನ ಕಮಿಟಿಯ ಹಿರಿಯ ಹೆಂಗಸನ್ನು ಕೇಳಿದೆ. ಆಕೆ ನಿವೃತ್ತ ಶಾಲಾ ಟೀಚರು, ನಿಯಮದ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಗೋಡೆಗೆ ಹೊಡೆಸಿದವರು. ನನ್ನನ್ನು ಕನ್ನಡಕದ ಮೇಲಿಂದ ನೋಡಿ, ದಯವಿಟ್ಟು ಬೇಡ ಎಂದರು.

ಕೆಲಸ ಮಾತ್ರ ನನಗೆ ಒಗ್ಗಿತು. ತಳವನ್ನು ಕಣ್ಣಿನಿಂದಲ್ಲ, ಬೆರಳಿನಿಂದ ನೋಡಬೇಕು. ಮರಿ ಚಿಪ್ಪು ಅಂಟಿದ್ದರೆ ನುಣುಪಾದ ಮೈ ಉಪ್ಪುಕಾಗದದಂತೆ ಹತ್ತುತ್ತದೆ. ಚುಕ್ಕಾಣಿಯ ಕೀಲು, ನಡುಹಲಗೆ ಇಳಿಯುವ ಸೀಳು, ಗಾಡಿಯ ಕಬ್ಬಿಣದ ಪೈಪಿನ ಒಳಗೆ, ಹಗ್ಗದ ಸುರುಳಿ, ಲೈಫ್ ಜಾಕೆಟ್ಟಿನ ಹೊಲಿಗೆ, ಎಲ್ಲ ಕಡೆ ಕೈ ಆಡಿಸಬೇಕು. ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಎಂದು ಹಗ್ಗ ಎಸೆದು ಹೋಗುತ್ತಿದ್ದ ಜನ ಈಗ ನನ್ನ ಬೆರಳನ್ನೇ ನೋಡುತ್ತ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆದರೂ ಮೂರು ತಿಂಗಳು ನಾನು ಯಾರಿಗೂ ಅನ್ಯಾಯ ಮಾಡಲಿಲ್ಲ, ಒದ್ದೆ ಕಂಡರೆ ಒದ್ದೆ, ಒಣಗಿದ್ದರೆ ಒಣಗಿದೆ ಎಂದೇ ಬರೆದೆ.

ಆಗಸ್ಟಿನ ಕೊನೆಯ ಭಾನುವಾರ ಕ್ಲಬ್ಬಿನಲ್ಲಿ ಮಕ್ಕಳ ಪಂದ್ಯ. ಹದಿನಾಲ್ಕು ತುಂಬದವರು ಚುಕ್ಕಾಣಿ ಹಿಡಿಯಬೇಕು, ದೊಡ್ಡವರು ಬರೀ ಎರಡನೆಯ ಆಳಾಗಿ ಕೂರಬೇಕು. ವರ್ಷಕ್ಕೊಂದೇ ಪಂದ್ಯ. ಮಗಳ ಕೈಗೆ ಚುಕ್ಕಾಣಿ ಬಂದದ್ದೇ ಆ ವರ್ಷ, ನವೆಂಬರಿನಲ್ಲಿ ಹದಿನಾಲ್ಕು ತುಂಬುತ್ತಿತ್ತು, ಅಂದರೆ ಅವಳಿಗೆ ಇದೇ ಮೊದಲು, ಇದೇ ಕೊನೆ. ಬೇಸಗೆಯಿಡೀ ಅವಳಿಗೆ ಅದೇ ಧ್ಯಾನ. ಮಲಗುವ ಮಂಚದ ಪಕ್ಕದ ಗೋಡೆಗೆ ಜಲಾಶಯದ ನಕ್ಷೆ ಬರೆದು ಅಂಟಿಸಿದ್ದಳು, ಗಾಳಿ ಎತ್ತ ಬೀಸಿದರೆ ಎತ್ತ ತಿರುಗಬೇಕೆಂದು ಬಾಣದ ಗುರುತು ಹಾಕಿದ್ದಳು. ಅಭ್ಯಾಸಕ್ಕೆಂದು ಡಾಕ್ಟರು ಎರಡು ವಾರ ಮೊದಲು ದೋಣಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಬೇರೊಂದು ದೊಡ್ಡ ಕೆರೆಗೆ ಅವಳನ್ನು ಕರೆದುಕೊಂಡು ಹೋಗಿಬಂದರು. ದೋಣಿ ಈಗ ಕೆಂಟನ್ನಿನ ಅವರ ಮನೆಯ ಮುಂದೆ ಒಣಗುತ್ತಿತ್ತು.

ಪರೀಕ್ಷೆಯ ಫಾರಮ್ಮಿನ ಮೊದಲ ಪುಟ ಒಡೆಯರ ಹೇಳಿಕೆ. ದೋಣಿ ಎಲ್ಲಿಗೆ ಹೋಗಿತ್ತು, ಎಷ್ಟು ದಿನ ಒಣಗಿದೆ, ಚಿಪ್ಪು ಕಂಡಿದೆಯೇ ಎಂಬ ಪ್ರಶ್ನೆಗಳನ್ನು ನಾನು ಮೊದಲೇ ಫೋನಿನಲ್ಲಿ ಕೇಳಿ ತುಂಬಿಸುತ್ತಿದ್ದೆ. ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಬಾಯ್ಲರ್ ಕೋಣೆಯಿಂದ ಡಾಕ್ಟರರಿಗೆ ಫೋನು ಮಾಡಿದೆ. ಬೇರೆಯವರನ್ನಾದರೆ ಹಾಳೆಯಲ್ಲಿದ್ದ ಇಂಗ್ಲಿಷನ್ನೇ ಓದುತ್ತಿದ್ದೆ. ಇವರೊಡನೆ ಕನ್ನಡ, ಅದೂ ಯುಗಾದಿ ಹಾಲಿನ ನಯವಾದ ಕನ್ನಡ.

“ಸರ್, ದೋಣಿ ಒಣಗಿದೆಯಾ?”

“ಹನ್ನೊಂದು ದಿನ ಆಯ್ತಲ್ರೀ. ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟಿದೀನಿ.”

“ಹಗ್ಗ, ಜಾಕೆಟ್ಟು?”

“ಎಲ್ಲಾನೂ ನಿಮ್ಮ ಮಗಳೇ ಒಣಹಾಕಿದಾಳೆ. ಎಷ್ಟು ಅಚ್ಚುಕಟ್ಟು ರೀ ಆ ಹುಡುಗಿ!”

ಈ ಮಾತು ನನಗೆ ಬೇಕಿರಲಿಲ್ಲ. ಮನೆಯಲ್ಲಿ ಅವಳು ಒದ್ದೆ ಟವೆಲನ್ನು ಮಂಚದ ಮೇಲೆಯೇ ಬಿಡುತ್ತಿದ್ದಳು.

“ಚಿಪ್ಪು ಏನಾದ್ರೂ ಇದೆಯಾ ಸರ್?”

“ಚಿಪ್ಪಾ? ಇದೆ, ಎರಡಿದೆ. ಒಂದು ನೀರು ಎತ್ತಿಹಾಕೋಕೆ, ಇನ್ನೊಂದು ಸುಮ್ನೆ ಜೊತೆಗಿರಲಿ ಅಂತ. ಯಾಕೆ?”

ಒಂದು ಉಸಿರಿನಷ್ಟು ಹೊತ್ತು ನನಗೆ ನಿಜವಾಗಿಯೂ ಗಾಬರಿಯಾಯಿತು. ಮರುಗಳಿಗೆಯಲ್ಲಿ ಅರ್ಥವಾಯಿತು. ಪೂಜೆಯ ದಿನ ಒಡೆದ ಕಾಯಿಯ ಹೋಳುಗಳನ್ನು ಅವರು ಎಸೆದಿರಲಿಲ್ಲ. ಒಂದಕ್ಕೆ ತೂತು ಕೊರೆದು ದಾರ ಪೋಣಿಸಿ, ದೋಣಿಯೊಳಗೆ ನುಗ್ಗಿದ ನೀರನ್ನು ಎತ್ತಿ ಚೆಲ್ಲಲು ಇಟ್ಟುಕೊಂಡಿದ್ದರು. ವಾರವಾರವೂ ಅದು ತೂಗಾಡುವುದನ್ನು ನಾನೇ ಕಂಡಿದ್ದೆ. ನಮ್ಮ ಕಡೆ ಅದಕ್ಕೆ ಗೆರಟೆ ಎನ್ನುತ್ತೇವೆ, ಚಿಪ್ಪು ಎಂದರೆ ಹೊಳೆಯಲ್ಲಿ ಹೆಕ್ಕಿ ತಂದು ಬೇಯಿಸುವ ಚಿಪ್ಪು. ಮೈಸೂರಿನ ಸಸ್ಯಾಹಾರಿ ಮನೆಯಲ್ಲಿ ಚಿಪ್ಪು ಎಂದರೆ ತೆಂಗಿನ ಚಿಪ್ಪು, ಬೇರೆ ಚಿಪ್ಪು ಅವರ ಅಡುಗೆಮನೆಗೆ ಬಂದದ್ದೇ ಇಲ್ಲ. ಕಪ್ಪೆಚಿಪ್ಪು ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. “ಅದಲ್ಲ ಸರ್” ಎಂದು ನಕ್ಕಿದ್ದರೂ ಮುಗಿಯುತ್ತಿತ್ತು.

ನಾನು ನಗಲಿಲ್ಲ. “ಏನಿಲ್ಲ ಸರ್, ಫಾರಮ್ಮಿಗೆ ಬೇಕಿತ್ತು” ಎಂದು ಫೋನು ಇಟ್ಟೆ. ಪೆನ್ನು ತೆಗೆದು, ಹಾಳೆಯಲ್ಲಿದ್ದ ‘ಶೆಲ್’ ಎಂಬ ಪದವನ್ನೇ ಬಳಸಿ ಇಂಗ್ಲಿಷಿನಲ್ಲಿ ದುಂಡಗೆ ಬರೆದೆ: ಚಿಪ್ಪು ಇದೆ, ಎರಡು, ಒಡೆಯರ ಹೇಳಿಕೆ. ಬರೆದದ್ದನ್ನು ಇನ್ನೊಮ್ಮೆ ಓದಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ದಡ್ಡರು. ನಾನು ಎತ್ತು ಎಂದು ತಿಳಿದೇ ಕಟ್ಟಿದೆ. ನನಗೆ ಎಷ್ಟು ಹಿತವಾಯಿತೆಂದರೆ, ಡಬ್ಬಿಯ ತಣ್ಣನೆಯ ಅನ್ನ ಸಾರು ಆ ದಿನ ಬಹಳ ರುಚಿಸಿತು.

ಸರಿಪಡಿಸಲು ಇಡೀ ಶನಿವಾರವಿತ್ತು. ಕ್ಲಬ್ಬಿನಲ್ಲೇ ಇದ್ದೆ, ಫಾರಮ್ಮೂ ಕೈಯಲ್ಲೇ ಇತ್ತು. ಸಂಜೆ ಕಮಿಟಿಯ ಹೆಂಗಸಿನ ತಟ್ಟೆಯಲ್ಲಿ ಅದನ್ನು ಇಟ್ಟು ಬಂದೆ. ಒಂದು ಭಾನುವಾರ, ಒಂದೇ ಒಂದು ಭಾನುವಾರ ಅವರಿಬ್ಬರೂ ದಡದಲ್ಲಿ ನಿಂತಿರಲಿ, ನಾನು ನಿಂತ ಜಾಗ ಹೇಗಿರುತ್ತದೆಂದು ನೋಡಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಮಗಳ ಪಂದ್ಯ ಆ ಲೆಕ್ಕದಲ್ಲಿ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಬಿದ್ದಿದ್ದರೂ ಬಿಡುತ್ತಿದ್ದೆನೇ ಎಂದರೆ ಹೇಳಲಾರೆ.

ಭಾನುವಾರ ಬೆಳಿಗ್ಗೆ ಗಾಳಿ ಹದವಾಗಿತ್ತು. ಡಾಕ್ಟರರ ಕಾರು ದೋಣಿ ಎಳೆದುಕೊಂಡು ಅಂಗಳಕ್ಕೆ ಬಂತು. ಮಗಳು ಅವರ ಜೊತೆಯೇ ಬಂದಳು. ದೋಣಿಯನ್ನು ಕಾರಿಗೆ ಕಟ್ಟಲು ಬೆಳಗ್ಗೆಯೇ ಅವರ ಮನೆಗೆ ಹೋಗಿದ್ದಳು. ಜಾಕೆಟ್ಟು ಆಗಲೇ ಬಿಗಿದುಕೊಂಡಿದ್ದಳು. ಕಮಿಟಿಯ ಹೆಂಗಸು ಫಾರಮ್ಮು ಹಿಡಿದುಕೊಂಡು ಎದುರು ಬಂದು, ಬಹಳ ವಿಷಾದದಿಂದ, ಈ ದೋಣಿ ನಾಲ್ಕು ವಾರ ನೀರಿಗಿಳಿಯುವಂತಿಲ್ಲ ಎಂದರು. ಒಡೆಯರೇ ಒಪ್ಪಿಕೊಂಡ ಮೇಲೆ ಪರೀಕ್ಷೆಯ ಮಾತೇ ಇಲ್ಲ, ಮರಿಗಳು ಕಣ್ಣಿಗೆ ಕಾಣುವುದಿಲ್ಲವಲ್ಲ. ನಿಯಮ ಹಾಗಿತ್ತು.

“ನಾನು ಏನು ಒಪ್ಪಿಕೊಂಡೆ?” ಎಂದು ಡಾಕ್ಟರು ಕೇಳಿದರು. ಆಕೆ ಹಾಳೆ ಕೊಟ್ಟರು. ಅವರು ಓದಿದರು. ‘ಚಿಪ್ಪು, ಎರಡು’ ಎಂಬಲ್ಲಿಗೆ ಬಂದಾಗ ಅವರ ಹುಬ್ಬು ಏರಿ ಇಳಿಯುವುದನ್ನು ನಾನು ಪೈಪು ಸುತ್ತುತ್ತ ಓರೆಗಣ್ಣಿನಲ್ಲಿ ನೋಡಿದೆ. ಅವರು ದೋಣಿಯೊಳಗೆ ತೂಗುತ್ತಿದ್ದ ತೆಂಗಿನ ಚಿಪ್ಪನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು, ದೋಣಿ ನೀರಿಗಿಳಿಯುತ್ತಿತ್ತು, ನಾನು ಎಲ್ಲರೆದುರು ಬೆತ್ತಲಾಗುತ್ತಿದ್ದೆ. ಕೆಲಸವೂ ಹೋಗುತ್ತಿತ್ತೇನೋ. ಆ ಮನುಷ್ಯ ಹಾಳೆಯನ್ನು ಮಡಿಸಿ ಆಕೆಗೆ ಹಿಂದಕ್ಕೆ ಕೊಟ್ಟು, “ತಪ್ಪು ನನ್ನದೇ” ಎಂದುಬಿಟ್ಟರು. ದಾರ ಬಿಚ್ಚಿ ಚಿಪ್ಪನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ಮಗಳು ಹಾಳೆಯನ್ನು ಕೇಳಿ ಪಡೆದು ತಾನೂ ಓದಿದಳು. ನನ್ನ ಅಕ್ಷರ ಅವಳಿಗೆ ಗೊತ್ತು. ಅವಳ ಮುಖದಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ, ಏನೋ ಲೆಕ್ಕ ಬಿಡಿಸುತ್ತಿರುವವಳ ಹಾಗೆ ಹಾಳೆಯನ್ನೂ ಡಾಕ್ಟರರ ಜೇಬನ್ನೂ ನೋಡುತ್ತಿದ್ದಳು. ಮೋಸ ಹೋದವನನ್ನು ಬೆಂಗಳೂರಿನವರು ಕೈಗೆ ಚಿಪ್ಪು ಬಂತು ಎಂದು ಹಂಗಿಸುತ್ತಾರೆ. ನಾನು ಮಗಳ ಕೈಗೆ ಕೊಟ್ಟದ್ದು ಅದನ್ನೇ.

ಪಂದ್ಯ ಶುರುವಾಯಿತು. ಹದಿನೈದು ಹಾಯಿಗಳು ಗಾಳಿಗೆ ಬಾಗಿ ಹೋದವು. ಬೇರೆ ದೋಣಿಯಲ್ಲಿ ಕೂರುತ್ತೀಯಾ ಎಂದು ಯಾರೋ ಕೇಳಿದರೆ ಮಗಳು ಬೇಡವೆಂದಳು. ಅವಳೂ ಡಾಕ್ಟರೂ ದಡದ ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿ ಒಂದೇ ಮುಚ್ಚಳದಲ್ಲಿ ಚಿತ್ರಾನ್ನ ತಿಂದರು. ಅವರು ನೀರಿನ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದರು, ಅವಳು ಕೇಳುತ್ತಿದ್ದಳು, ಒಂದು ಹೊತ್ತಿನಲ್ಲಿ ನಕ್ಕಳು ಕೂಡ. ದೋಣಿ ಕಿತ್ತುಕೊಂಡರೆ ಅವರಿಬ್ಬರೂ ದೂರವಾಗುತ್ತಾರೆ ಎಂದುಕೊಂಡಿದ್ದೆ. ದೋಣಿಯಲ್ಲಾದರೂ ಅವರ ನಡುವೆ ಒಂದು ಹಲಗೆಯಿತ್ತು, ಹುಲ್ಲಿನ ಮೇಲೆ ಅದೂ ಇರಲಿಲ್ಲ. ನಾನು ಇಪ್ಪತ್ತು ಅಡಿ ದೂರದಲ್ಲಿ ಯಾರದೋ ಹಗ್ಗ ಹಿಡಿದು ನಿಂತಿದ್ದೆ. ಆ ಹೊತ್ತಿನಲ್ಲೂ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಮತ್ತೆ ಹೊಟ್ಟೆಕಿಚ್ಚೇ.

ಸಂಜೆ ಬಸ್ಸಿನಲ್ಲಿ ಅವಳು ಮೇಲಿನ ಅಂತಸ್ತಿಗೆ ಹೋಗಿ ಕೂತಳು, ನಾನು ಕೆಳಗೆ ಕೂತೆ. ಹೆಂಡತಿ ಡ್ಯೂಟಿಯಲ್ಲಿದ್ದಳು. ಮನೆಗೆ ಬಂದು ಚಾ ಮಾಡಿ ಎರಡು ಲೋಟಕ್ಕೆ ಬಗ್ಗಿಸಿದೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತವಳು ಲೋಟ ಮುಟ್ಟಲಿಲ್ಲ.

“ಅಪ್ಪ, ಅದು ತೆಂಗಿನ ಚಿಪ್ಪು ಅಂತ ನಿಮಗೆ ಗೊತ್ತಿತ್ತು ಅಲ್ವಾ?”

ಆರು ವರ್ಷದಲ್ಲಿ ಅವಳು ನನ್ನೊಡನೆ ಪೂರ್ತಿಯಾಗಿ ಆಡಿದ ಮೊದಲ ಕನ್ನಡದ ವಾಕ್ಯ ಅದು. ಒಂದು ಅಕ್ಷರವೂ ನಮ್ಮ ಊರಿನದಲ್ಲ. ಊರಿನಲ್ಲಿದ್ದಾಗ “ಅಪ್ಪಾ, ನೀ ಬಾ” ಎಂದು ಅಂಗಿ ಹಿಡಿದು ಎಳೆಯುತ್ತಿದ್ದವಳು. ನಮ್ಮ ಮನೆಗಳಲ್ಲಿ ಅಪ್ಪನಿಗೆ ನೀವು ಎನ್ನುವ ಪದ್ಧತಿಯಿಲ್ಲ, ನೀವು ಎನ್ನುವುದು ಹೊರಗಿನವರಿಗೆ. ಇಂಗ್ಲಿಷಿನ ಆ ಒಂದೇ ‘ಯೂ’ದೊಳಗೆ ನೀನೂ ಅ‌ಡಗುತ್ತದೆ, ನೀವೂ ಅಡಗುತ್ತದೆ. ಇಷ್ಟು ವರ್ಷ ನಾನು ಅವಳಿಗೆ ಯಾವುದಾಗಿದ್ದೆ ಎಂದು ಯೋಚಿಸುವ ಪ್ರಸಂಗ ಬಂದಿರಲಿಲ್ಲ.

“ಗೊತ್ತಿತ್ತ್ ಮಗಾ” ಎಂದೆ.

“ಮತ್ತೆ ಯಾಕೆ?”

“ಹೊಟ್ಟೆಕಿಚ್ಚ್.”

ಆ ಪದ ಅವಳಿಗೆ ಅರ್ಥವಾಗಲಿಕ್ಕಿಲ್ಲ, ಹಾಗಾಗದಿದ್ದರೇ ಒಳ್ಳೆಯದು ಎಂದುಕೊಂಡಿದ್ದೆ. ಅರ್ಥವಾಗಿತ್ತು.

“ಯಾರ ಮೇಲೆ? ಅವರ ಮೇಲಾ, ನನ್ನ ಮೇಲಾ?”

ಅವರ ಮೇಲೆ ಎಂದು ಹೇಳಹೊರಟವನು ಚಾದ ಲೋಟವನ್ನು ಅವಳ ಕಡೆಗೆ ಸರಿಸಿದೆ. ನನಗೆ ಹೇಳಿಕೊಡುವವನು ಒಬ್ಬನಿದ್ದ, ಅವನ ಕೈಯಲ್ಲಿದ್ದದ್ದು ಒಂದು ಗಳ. ಇವಳಿಗೆ ಹಾಯಿ ಸಿಕ್ಕಿತು, ನಕ್ಷೆ ಸಿಕ್ಕಿತು, ಜನ ನಿಂತು ನೋಡುವ ಪಂದ್ಯ ಸಿಕ್ಕಿತು. ಮೂರು ವರ್ಷದಿಂದ ದಡದಲ್ಲಿ ನಿಂತು ನಾನು ಯಾರನ್ನು ನೋಡಿ ಉರಿಯುತ್ತಿದ್ದೆನೋ, ಅವಳು ಕೇಳಿದ ಮೇಲೆ ನನಗೇ ಖಾತ್ರಿಯಿಲ್ಲದಾಯಿತು.  ಅವಳು “ನೀವೇ ಹೋಗಿ ಕಮಿಟಿಯವರಿಗೆ ಹೇಳಬೇಕು” ಎಂದು ತನ್ನ ಕೋಣೆಗೆ ಹೋದಳು. ಗೋಡೆಯಿಂದ ನಕ್ಷೆ ಕೀಳುವ ಸದ್ದು ಕೇಳಿಸಿತು.

ಮುಂದಿನ ವಾರ ಕಮಿಟಿಯ ಮುಂದೆ ಹೋಗಿ ನಿಂತೆ. ಆ ಚಿಪ್ಪು ನೀರಿನ ಚಿಪ್ಪಲ್ಲ, ತೆಂಗಿನಕಾಯಿಯದ್ದು, ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ ಎಂದೆ. ನನಗೆ ಅದು ಮೊದಲೇ ಗೊತ್ತಿತ್ತು ಎಂದೂ ಹೇಳಬೇಕಿತ್ತು, ಅದಕ್ಕೆ ಬಾಯಿ ಕೂಡ ತೆರೆದಿದ್ದೆ. ಅಷ್ಟರಲ್ಲಿ ಆ ಹಿರಿಯ ಹೆಂಗಸು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ಉಳಿದವರೂ ನಕ್ಕರು, ಪಾಪ ಇಬ್ಬರು ಪರದೇಶದವರು ತಮ್ಮ ಭಾಷೆಯಲ್ಲೇ ಎಡವಿಬಿದ್ದರಲ್ಲ ಎಂದು. ನಾನು ಕೇಡಿಗನಿರಬಹುದು ಎಂಬುದು ಅವರಾರಿಗೂ ಹೊಳೆಯಲೇ ಇಲ್ಲ. ಪೆದ್ದನಾಗುವ ಅವಕಾಶ ಸಿಕ್ಕಿತು, ಬಾಯಿ ಮುಚ್ಚಿಕೊಂಡು ಬಳಸಿಕೊಂಡೆ. ದೋಣಿಯ ಮೇಲಿನ ತಡೆ ಅಂದೇ ಹೋಯಿತು. ಪಂದ್ಯ ಮಾತ್ರ ಮುಗಿದಿತ್ತು. ಆ ಕಥೆಯನ್ನು ಆಮೇಲೆ ಕ್ಲಬ್ಬಿನ ಎಷ್ಟೋ ಊಟಗಳಲ್ಲಿ ನನ್ನ ಬಾಯಿಂದಲೇ ಹೇಳಿಸಿದ್ದಾರೆ.

ಡಾಕ್ಟರು ಒಂದೇ ಒಂದು ಸಲ ಆ ಮಾತೆತ್ತಿದರು. “ಕಪ್ಪೆಚಿಪ್ಪು ಅಂದಿದ್ರೆ ಇಲ್ಲ ಅಂತಿದ್ದೆ ಕಣ್ರೀ. ನಾನೂ ಸ್ವಲ್ಪ ಬಿಡಿಸಿ ಕೇಳಬೇಕಿತ್ತು” ಎಂದು ನನ್ನ ಭುಜ ತಟ್ಟಿದರು. ತಪ್ಪಿಸಿಕೊಳ್ಳಲು ಅವರೇ ನನಗೆ ಬಾಗಿಲು ತೆರೆದುಕೊಟ್ಟರು. “ಹೌದು ಸರ್, ಗಡಿಬಿಡಿಯಲ್ಲಿ ಆಯ್ತು” ಎಂದು ನಾನು ಆ ಬಾಗಿಲಿನಲ್ಲಿ ತಲೆ ತಗ್ಗಿಸಿ ನುಗ್ಗಿದೆ.

ಮಗಳು ಹಾಯಿ ಬಿಡಲಿಲ್ಲ, ನನ್ನೊಡನೆ ಮಾತನ್ನೂ ಬಿಡಲಿಲ್ಲ. ಅಂದಿನಿಂದ ಅವಳು ಮನೆಯಲ್ಲಿ ಕನ್ನಡವನ್ನೇ ಆಡುತ್ತಾಳೆ, ಅಮ್ಮನಿಗೆ ನೀನು ಎನ್ನುತ್ತಾಳೆ, ನನಗೆ ನೀವು. “ಅಪ್ಪ, ನೀವು ಊಟ ಮಾಡಿದ್ರಾ? ನೀವು ಮಾತ್ರೆ ತಗೊಂಡ್ರಾ?” ಮನೆಗೆ ಬಂದ ನಮ್ಮವರು ಇದನ್ನು ಕೇಳಿ, ಲಂಡನ್ನಿನಲ್ಲಿ ಬೆಳೆದೂ ಅಪ್ಪನಿಗೆ ಎಷ್ಟು ಮರ್ಯಾದೆ ಕೊಡುತ್ತಾಳೆ, ಇಂಥ ಮಗಳನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ.